ತೂಕ ಇಳಿಸುವ ಆಪರೇಷನ್: ಯಾರಿಗೆ ಹೇಳಿದೆ, ಯಾರಿಗೆ ಹೇಳಲಿಲ್ಲ

ಆಪರೇಷನ್ ಮಾಡಿಸಿಕೊಳ್ಳಬೇಕಾ ಬೇಡವಾ ಅನ್ನುವುದು ನನಗೆ ಅಷ್ಟು ಕಷ್ಟವಾಗಲಿಲ್ಲ. ಎತ್ತರಕ್ಕೆ ತೂಕ ಎಷ್ಟಿದೆ ಅಂತ ಅಳೆಯುವ ಬಿಎಂಐ 38 ದಾಟಿತ್ತು. ಶುಗರ್ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಬೆಂಗಳೂರಿನ ಡಾಕ್ಟರು ಜಠರದ ಬಹುಪಾಲು ತೆಗೆದುಬಿಡುವ ಸ್ಲೀವ್ ಆಪರೇಷನ್ ಬಗ್ಗೆ ಹೇಳಿದಾಗ ಒಪ್ಪಿಕೊಂಡೆ. ಕಷ್ಟವಾಗಿದ್ದು ಅದನ್ನು ಯಾರಿಗೆ ಹೇಳಬೇಕು ಅನ್ನುವುದು.

ತುಮಕೂರು ಈಗ ದೊಡ್ಡ ಊರು ನಿಜ. ಆದರೆ ಹೈಸ್ಕೂಲಿನಲ್ಲಿ ಪಾಠ ಮಾಡುವವರಿಗೆ ಅದು ಚಿಕ್ಕ ಊರೇ. ಬಿ.ಎಚ್. ರಸ್ತೆಯಲ್ಲಿ ಹಣ್ಣು ಕೊಳ್ಳಲು ನಿಂತರೆ ಹಳೇ ವಿದ್ಯಾರ್ಥಿಯ ತಾಯಿ ಸಿಗುತ್ತಾರೆ. ಬೆಳಿಗ್ಗೆ ಇಲ್ಲಿ ಆಡಿದ ಮಾತು ಸಂಜೆಗೆ ಗುಬ್ಬಿಯ ನೆಂಟರ ಮನೆಯಲ್ಲಿ ಇರುತ್ತದೆ. ಅದರಲ್ಲೂ ದಪ್ಪ ಇರುವವರ ಬಗ್ಗೆ ಮಾತಾಡಲು ಯಾರಿಗೂ ಸಂಕೋಚವಿಲ್ಲ. ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಯಿಸಿಕೊಂಡಳು ಅಂತಾರೆ ಅನ್ನುವುದು ನನಗೆ ಗೊತ್ತಿತ್ತು. ಆ ಮಾತು ಕೇಳುವುದಕ್ಕೆ ನಾನು ತಯಾರಿರಲಿಲ್ಲ.

ಯಾರಿಗೂ ಹೇಳಬೇಡ ಅಂದರು ನಮ್ಮ ಯಜಮಾನರು. ಎಲ್ಲರಿಗೂ ಹೇಳಿಬಿಡು, ಒಂದು ವಾರ ಮಾತಾಡಿ ಸುಮ್ಮನಾಗುತ್ತಾರೆ ಅಂದಳು ನನ್ನಕ್ಕ. ಎರಡೂ ನನಗೆ ಸರಿ ಅನ್ನಿಸಲಿಲ್ಲ. ಕೊನೆಗೆ ಒಬ್ಬೊಬ್ಬರನ್ನೇ ಮನಸ್ಸಿಗೆ ತಂದುಕೊಂಡು ಒಂದೇ ಪ್ರಶ್ನೆ ಕೇಳಿಕೊಂಡೆ. ಇವರಿಗೆ ಗೊತ್ತಿಲ್ಲದೇ ಇದ್ದರೆ ನನ್ನ ದೇಹಕ್ಕೆ ತೊಂದರೆ ಆಗುತ್ತದಾ? ಆಗುತ್ತದೆ ಅಂದರೆ ಹೇಳಲೇಬೇಕು. ಇಲ್ಲ ಅಂದರೆ ಅದು ನನ್ನ ಇಷ್ಟ.

ಹಾಗೆ ನೋಡಿದರೆ ಮೊದಲು ಬಂದವರು ನಮ್ಮ ಅತ್ತೆ. ಮನೆಯಲ್ಲಿ ಅಡುಗೆ ಅವರದೇ. ಮುದ್ದೆ ಮುರಿಯುವಷ್ಟರಲ್ಲಿ ಇನ್ನೊಂದು ಮುದ್ದೆ ತಟ್ಟೆಗೆ ಹಾಕುವ ಕೈ ಅದು. ಆಪರೇಷನ್ ಆದ ಮೇಲೆ ಮೊದಲು ಬರೀ ತಿಳಿ ನೀರಿನಂಥ ಪದಾರ್ಥ, ಆಮೇಲೆ ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ಹಾಲು, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರುವಷ್ಟರಲ್ಲಿ ಆರೆಂಟು ವಾರ ಬೇಕು. ಅಡುಗೆ ಮಾಡುವವರಿಗೆ ಇದನ್ನು ಮುಚ್ಚಿಟ್ಟು ಸಾಗಿಸುವುದು ಹೇಗೆ?

ಅವರಿಗೆ ಹೇಳಿದಾಗ ಮೊದಲು ಅತ್ತರು. "ಚೆನ್ನಾಗಿರೋ ಹೊಟ್ಟೇನ ಯಾಕಮ್ಮ ಕೊಯ್ಯಿಸ್ಕೋತೀಯಾ? ಮುದ್ದೆ ಬಿಡು, ಸಾಕು" ಅಂದರು. ನಾನು ವಾದ ಮಾಡಲಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಾಗದದ ಮೇಲೆ ಜಠರದ ಚಿತ್ರ ಬರೆದು ತೋರಿಸಿದರು. ನೂರರಲ್ಲಿ 75ರಿಂದ 80 ಭಾಗ ತೆಗೆಯುತ್ತಾರೆ, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆಯುವ ಭಾಗದಲ್ಲೇ. ಹಾಗಾಗಿ ಇದು ಬರೀ ಜಾಗ ಕಡಿಮೆ ಮಾಡುವ ಕೆಲಸ ಅಲ್ಲ, ಶುಗರಿಗೂ ಇದು ಚಿಕಿತ್ಸೆ ಅಂತ ವಿವರಿಸಿದರು. ಅತ್ತೆಗೆ ಈ ಕೊನೆಯ ಮಾತು ನಾಟಿತು. ನಮ್ಮ ಮಾವ ಹೋಗಿದ್ದು ಶುಗರಿನಿಂದಲೇ. ಕಾಲು ಕೊಳೆತು, ಬೆರಳು ತೆಗೆಸಿ, ಆಮೇಲೆ ಹೋದರು. ವಾಪಸ್ ಬರುವಾಗ ಕ್ಯಾತ್ಸಂದ್ರ ದಾಟಿದ ಮೇಲೆ ಅವರೇ ಬಾಯಿಬಿಟ್ಟರು. "ಮಾಡಿಸ್ಕೋ. ಅಡುಗೆ ನಾನು ನೋಡ್ಕೋತೀನಿ."

ಆಮೇಲೆ ಅವರೇ ನನಗೆ ಕಾವಲಾದರು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದರು. ಹೋಳಿಗೆ ತುಪ್ಪ ತಂದವರು ನನ್ನ ಎಲೆಯ ಹತ್ತಿರ ಬಗ್ಗುವ ಮೊದಲೇ "ಅವಳಿಗೆ ಡಾಕ್ಟ್ರು ಬೇಡ ಅಂದವ್ರೆ, ಬಲವಂತ ಮಾಡಬೇಡಿ" ಅನ್ನುತ್ತಿದ್ದರು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು ಅನ್ನುವುದೂ ಅವರಿಗೆ ನೆನಪಿರುತ್ತಿತ್ತು. ನನ್ನ ಲೋಟ ಅವರ ಕಡೆಗೆ ಹೋಗುತ್ತಿತ್ತು. ಗುಟ್ಟು ಮಾಡಿದ್ದರೆ ಆ ಪಂಕ್ತಿಯಲ್ಲಿ ನಾನು ಒಬ್ಬಳೇ ಹೋರಾಡಬೇಕಿತ್ತು.

ಮಗಳಿಗೂ ಹೇಳಿದೆ. ಪಿಯುಸಿ ಓದುವ ಹುಡುಗಿ. ಕನ್ನಡಿ ಮುಂದೆ ಜಾಸ್ತಿ ಹೊತ್ತು ನಿಲ್ಲುವ ವಯಸ್ಸು. ಅಮ್ಮ ಚೆಂದ ಕಾಣಲು ಹೀಗೆ ಮಾಡಿಸಿಕೊಂಡಳು ಅಂತ ಅವಳಿಗೆ ಅನ್ನಿಸಬಾರದು ಅನ್ನುವುದೇ ನನ್ನ ಚಿಂತೆ. ಶುಗರ್ ರಿಪೋರ್ಟು, ನಿದ್ದೆಯ ಪರೀಕ್ಷೆಯ ರಿಪೋರ್ಟು ಎರಡನ್ನೂ ಅವಳ ಮುಂದಿಟ್ಟೆ. ಅವಳು ಕೇಳಿದ್ದು ಒಂದೇ, "ನಿನಗೆ ಏನೂ ಆಗಲ್ಲ ತಾನೇ?" ಯಾವ ಆಪರೇಷನ್ನಿನಲ್ಲೂ ಅಪಾಯ ಇದ್ದೇ ಇರುತ್ತದೆ, ಆದರೆ ಹೀಗೇ ಬಿಟ್ಟರೆ ಅಪಾಯ ಇನ್ನೂ ಜಾಸ್ತಿ ಅಂತ ಇದ್ದದ್ದನ್ನೇ ಹೇಳಿದೆ. ತಿಪಟೂರಿನಲ್ಲಿರುವ ನನ್ನ ಅಮ್ಮನಿಗೂ ಮೊದಲೇ ತಿಳಿಸಿದೆ. ಅದರ ಪ್ರಯೋಜನ ಆಮೇಲೆ ಗೊತ್ತಾಯಿತು.

ಸ್ಕೂಲಿನಲ್ಲಿ ಹೇಳಲಿಲ್ಲ. ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಿತ್ತು. ಹೊಟ್ಟೆಯ ಲ್ಯಾಪ್ರೋಸ್ಕೋಪಿ ಆಪರೇಷನ್, ವಿಶ್ರಾಂತಿ ಬೇಕು, ಭಾರ ಎತ್ತಬಾರದು, ಇಷ್ಟು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಹೆಡ್‌ಮಾಸ್ಟರಿಗೆ ಅದಕ್ಕಿಂತ ಜಾಸ್ತಿ ಬೇಕಿರಲಿಲ್ಲ. ಇನ್ಶೂರೆನ್ಸಿನವರ ಹತ್ತಿರ ಮಾತ್ರ ಈ ಲೆಕ್ಕಾಚಾರ ನಡೆಯುವುದಿಲ್ಲ. ಅಲ್ಲಿ ಹಳೇ ಕಾಯಿಲೆ, ತೂಕ, ಮಾತ್ರೆ ಎಲ್ಲ ಪೂರ್ತಿ ಬರೆಯಬೇಕು. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2019ರ ನಿಯಮದಲ್ಲಿ ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ 35 ಅಥವಾ ಅದಕ್ಕಿಂತ ಜಾಸ್ತಿ ಇದ್ದು ಹತೋಟಿಗೆ ಬಾರದ ಶುಗರ್, ಜೋರಾದ ನಿದ್ದೆಯ ಉಸಿರಾಟದ ತೊಂದರೆ, ಹೃದಯದ ಕಾಯಿಲೆ ಇಂಥದ್ದು ಜೊತೆಗಿದ್ದರೆ ಈ ಆಪರೇಷನ್ನಿಗೆ ಇನ್ಶೂರೆನ್ಸ್ ಸಿಗುವ ದಾರಿ ಇತ್ತು. ಬೇರೆ ಚಿಕಿತ್ಸೆ ಮಾಡಿ ಫಲ ಸಿಕ್ಕಿರಬಾರದು ಅನ್ನುವುದೂ ಅದರಲ್ಲಿತ್ತು.

ತೂಕ ಇಳಿಯಲು ಶುರುವಾದ ಮೇಲೆ ಮಾತು ಶುರುವಾಯಿತು. ನಮ್ಮ ಕಡೆ ಯಾರಾದರೂ ಬೇಗ ಸಣ್ಣಗಾದರೆ ಮೊದಲು ಬರುವ ಯೋಚನೆ ಕಾಯಿಲೆಯದು. ಸಾಲದ್ದಕ್ಕೆ ಆಪರೇಷನ್ ಆದ ಕೆಲವು ತಿಂಗಳಿಗೆ ಕೂದಲು ಉದುರುತ್ತದೆ. ಬಹುಪಾಲು ಜನರಿಗೆ ಅದು ಮತ್ತೆ ಬೆಳೆಯುತ್ತದೆ, ಆದರೆ ನೋಡುವವರಿಗೆ ಅದು ಗೊತ್ತಿಲ್ಲವಲ್ಲ. ಕ್ಯಾನ್ಸರ್ ಅಂತೆ ಅನ್ನುವ ಸುದ್ದಿ ಹುಟ್ಟಿ ತಿಪಟೂರಿಗೂ ಹೋಯಿತು. ಅಮ್ಮನಿಗೆ ನಿಜ ಗೊತ್ತಿದ್ದರಿಂದ ಫೋನ್ ಮಾಡಿ ಬರೀ ಸುದ್ದಿ ತಿಳಿಸಿದರು, ಗಾಬರಿಯಾಗಲಿಲ್ಲ. ಉಳಿದವರಿಗೆ ನಾನು ಒಂದೇ ಉತ್ತರ ಇಟ್ಟುಕೊಂಡಿದ್ದೆ: "ಶುಗರ್ ಜಾಸ್ತಿಯಾಗಿತ್ತು. ಚಿಕಿತ್ಸೆ ತಗೊಂಡೆ. ಈಗ ಆರಾಮಾಗಿದ್ದೀನಿ." ಅಷ್ಟಕ್ಕೆ ಬಹಳ ಜನ ಸುಮ್ಮನಾದರು. ಮತ್ತೆ ಮತ್ತೆ ಕೇಳಿದವರಿಗೂ ಅದೇ ಉತ್ತರ.

ಡಾಕ್ಟರುಗಳ ವಿಷಯದಲ್ಲಿ ಮಾತ್ರ ನಾಚಿಕೆ ಬಿಡಬೇಕು. ಇದನ್ನು ಒತ್ತಿ ಹೇಳುತ್ತೇನೆ. ಮಂಡಿ ನೋವಿಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆ ಬರೆಯುವುದು ಸಾಮಾನ್ಯ. ಆಪರೇಷನ್ ಆದ ಹೊಟ್ಟೆಯಲ್ಲಿ ಅವು ಹುಣ್ಣು ಮಾಡಬಹುದು. ತೂಕ ಇಳಿಸಲು ಜಠರದ ಬೈಪಾಸ್ ಅನ್ನುವ ಇನ್ನೊಂದು ಬಗೆಯ ಆಪರೇಷನ್ ಮಾಡಿಸಿಕೊಂಡವರಿಗಂತೂ ಈ ಅಪಾಯ ಇನ್ನೂ ಜಾಸ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವನ್ನು ಜೀವನಪೂರ್ತಿ ಗಮನಿಸುತ್ತಿರಬೇಕು. ಹಲ್ಲಿನ ಡಾಕ್ಟರಿರಲಿ, ಕಣ್ಣಿನ ಡಾಕ್ಟರಿರಲಿ, ನಾನು ಕೂತ ತಕ್ಷಣ ಹೇಳುವುದು ಈ ಆಪರೇಷನ್ ಆಗಿದೆ ಅನ್ನುವುದನ್ನೇ. ಪರ್ಸಿನಲ್ಲಿ ಆಪರೇಷನ್ನಿನ ಹೆಸರು, ತಾರೀಕು ಬರೆದ ಚೀಟಿಯೂ ಇದೆ.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಹೊಸದಾಗಿ ಮದುವೆಯಾದ ಒಬ್ಬಳು ಹುಡುಗಿ ಇದ್ದಳು. ಅತ್ತೆ ಮನೆಯಲ್ಲಿ ಹೇಳದೆ, ತವರಿನಲ್ಲಿ ಇದ್ದುಕೊಂಡು ಮಾಡಿಸಿಕೊಂಡಿದ್ದಳು. ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಅಂತ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಆಗಲೇ ವಿಶೇಷ ಏನೂ ಇಲ್ವಾ ಅಂತ ಕೇಳುತ್ತಿದ್ದರಂತೆ. ಕಡೇ ಪಕ್ಷ ಗಂಡನಿಗಾದರೂ ಹೇಳಮ್ಮ ಅಂದೆ. ಇಂಥ ವಿಷಯದಲ್ಲಿ ಗಂಡನಿಗೆ ಗೊತ್ತಿಲ್ಲದಿದ್ದರೆ ನರಳುವುದು ಅವಳ ದೇಹವೇ, ಅಲ್ವಾ? ಅವಳು ಏನು ಮಾಡಿದಳೋ ತಿಳಿಯಲಿಲ್ಲ. ಈಗಲೂ ನೆನಪಾಗುತ್ತಾಳೆ.

ನನ್ನ ಪ್ರಶ್ನೆಗೆ ಸಿಗದೇ ಹೋದವರು ಒಬ್ಬರೇ. ನಮ್ಮ ಸ್ಕೂಲಿನ ಇನ್ನೊಬ್ಬ ಟೀಚರು. ಅವರಿಗೆ ಗೊತ್ತಾಗದಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಆದರೆ ಅವರೂ ನನ್ನ ಹಾಗೇ ದಪ್ಪ, ಅವರಿಗೂ ಶುಗರ್. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕೇಳಿದರು. "ಮೇಡಂ, ನಾನೂ ದಿನಾ ಅಮಾನಿಕೆರೆ ಸುತ್ತ ನಡೀತೀನಿ. ರಾತ್ರಿ ಊಟ ಬಿಟ್ಟಿದ್ದೀನಿ. ಒಂದು ಕೆಜಿನೂ ಇಳೀತಿಲ್ಲ. ನಿಮಗೆ ಹೇಗೆ ಆಯ್ತು? ನನ್ನಲ್ಲೇ ಏನೋ ತಪ್ಪಿದೆ ಅನ್ಸುತ್ತೆ."

ಆ ಕೊನೆಯ ಮಾತು ಕೇಳಿದ ಮೇಲೆ ಶುಗರ್ ಚಿಕಿತ್ಸೆ ಅಂತ ಜಾರಿಕೊಳ್ಳಲು ನನಗೆ ಆಗಲಿಲ್ಲ. ನಾನು ಸುಮ್ಮನಿದ್ದರೆ ಅವರು ಇನ್ನೊಂದು ಹೊತ್ತಿನ ಊಟ ಬಿಡುತ್ತಿದ್ದರು, ತಮ್ಮನ್ನೇ ಇನ್ನಷ್ಟು ಬೈದುಕೊಳ್ಳುತ್ತಿದ್ದರು. ಇವರು ನಾಳೆ ಇಡೀ ಸ್ಟಾಫ್ ರೂಮಿಗೆ ಹೇಳಿದರೆ ತಡೆದುಕೊಳ್ಳುತ್ತೀಯಾ ಅಂತ ನನ್ನನ್ನೇ ಕೇಳಿಕೊಂಡೆ. ತಡೆದುಕೊಳ್ಳುತ್ತೇನೆ ಅನ್ನಿಸಿತು. ಹೇಳಿದೆ. ಗ್ರೆಲಿನ್ ಬಗ್ಗೆ, ಮೊದಲ ವಾರಗಳ ಸುಸ್ತಿನ ಬಗ್ಗೆ, ಉದುರಿದ ಕೂದಲಿನ ಬಗ್ಗೆ, ಎಚ್ಚರ ತಪ್ಪಿದರೆ ತೂಕ ಮತ್ತೆ ಏರಬಹುದು ಅನ್ನುವುದರ ಬಗ್ಗೆ, ಎಲ್ಲ ಹೇಳಿದೆ. ಅವರು ಕೈ ಹಿಡಿದುಕೊಂಡು ತುಂಬ ಹೊತ್ತು ಕೂತರು.

ಇದುವರೆಗೆ ಅವರು ಯಾರಿಗೂ ಹೇಳಿಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಡಾಕ್ಟರನ್ನು ನೋಡಲು ಹೋಗುತ್ತಿದ್ದಾರೆ, ಜೊತೆಗೆ ನಾನೂ ಹೋಗುತ್ತಿದ್ದೇನೆ. ಅವರ ಮನೆಯಲ್ಲಿ ಅಡುಗೆ ಮಾಡುವುದು ಅವರ ಅಮ್ಮ. ಅವರನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.