ಕಂದು ಲಕೋಟೆ ಬಂದರೆ ಏನು ಮಾಡಬೇಕು? ಬ್ರಿಟನ್ನಿನ ಲೋನ್ ಚಾರ್ಜ್ ಕಟ್ಟಿ ಮುಗಿಸಿದವಳ ಮಾತು

ಮೊದಲು ಲಕೋಟೆ ಒಡೆಯಿರಿ. ಬಂದ ದಿನವೇ ಒಡೆಯಿರಿ.

ಲೋನ್ ಚಾರ್ಜ್ ಅಂದರೆ ಸಂಬಳದ ಬದಲು "ಸಾಲ" ಅಂತ ಕೈಗೆ ಬಂದ ದುಡ್ಡಿನ ಮೇಲೆ ವರ್ಷಗಳ ನಂತರ ಹಾಕಿದ ತೆರಿಗೆ. ಬ್ರಿಟನ್ನಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಪತ್ರ ಬರುವುದು ಕಂದು ಬಣ್ಣದ ಲಕೋಟೆಯಲ್ಲಿ. 2018ರ ಮಾರ್ಚಿನಲ್ಲಿ ಬಂದದ್ದನ್ನು ನಾನು ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಗಂಡನಿಗೂ ಹೇಳಲಿಲ್ಲ. 19 ದಿನ ಅಲ್ಲೇ ಇತ್ತು. ಬೆಳಗ್ಗೆ ಟೀ ಮಾಡುವಾಗೆಲ್ಲ ಅದರ ಅಂಚು ಕಾಣುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಕೊನೆಗೆ ಒಡೆದು ನೋಡಿದರೆ ಅಪೀಲಿಗೆ 30 ದಿನ ಅಂತ ಬರೆದಿತ್ತು. ನನಗೆ ಉಳಿದಿದ್ದು ಒಂದೂವರೆ ವಾರ. ಆ ಒಂದೂವರೆ ವಾರದಲ್ಲಿ ಪಟ್ಟ ಪಾಡು ನಿಮಗೆ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನದವಳು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹೆಚ್ಚು ಕೌಶಲ ಇರುವವರಿಗೆ ಆಗ ಕೊಡುತ್ತಿದ್ದ ಟಿಯರ್ 1 ಜನರಲ್ ವೀಸಾದಲ್ಲಿ ಬಂದು 2012ರ ನವೆಂಬರ್‌ನಿಂದ ರೆಡಿಂಗ್‌ನಲ್ಲಿ ಕಾಂಟ್ರ್ಯಾಕ್ಟ್ ಮಾಡುತ್ತಿದ್ದೆ. ದಿನಕ್ಕೆ 375 ಪೌಂಡ್. ಏಜೆನ್ಸಿಯವರೇ ಒಂದು ಅಂಬ್ರೆಲಾ ಕಂಪನಿಯ (ಕಾಂಟ್ರ್ಯಾಕ್ಟ್‌ನವರನ್ನು ತನ್ನ ನೌಕರರಾಗಿ ಸೇರಿಸಿಕೊಂಡು ಸಂಬಳ ಕೊಡುವ ಕಂಪನಿ) ನಂಬರ್ ಕೊಟ್ಟರು. "ಐಆರ್35 (ಕಾಂಟ್ರ್ಯಾಕ್ಟ್‌ನವರಿಗೂ ನೌಕರರ ಹಾಗೆ ತೆರಿಗೆ ಹಾಕುವ ನಿಯಮ) ತಲೆನೋವು ಇರಲ್ಲ, ಕೈಗೆ 82 ಪರ್ಸೆಂಟ್ ಬರುತ್ತೆ, ದೊಡ್ಡ ಲಾಯರು ಒಪ್ಪಿರೋ ಸ್ಕೀಮು" ಅಂದರು. ರಾತ್ರಿ ಹತ್ತಕ್ಕೆ ಪಿಡಿಎಫ್ ಬಂತು. ಸಹಿ ಹಾಕಿದೆ.

ಶುಕ್ರವಾರ ಬ್ಯಾಂಕಿಗೆ ಎರಡು ಜಮಾ ಆಗುತ್ತಿದ್ದವು. ಒಂದು ಸಂಬಳ, ಕನಿಷ್ಠ ವೇತನದ ಲೆಕ್ಕದಲ್ಲಿ ವಾರಕ್ಕೆ ಸುಮಾರು 230 ಪೌಂಡ್, ಅದರ ಮೇಲೆ ತೆರಿಗೆ ಹಿಡಿದು. ಇನ್ನೊಂದು 1,305 ಪೌಂಡ್. ಅದು ಸಂಬಳ ಅಲ್ಲ, ದೂರದ ದ್ವೀಪದ ಒಂದು ಟ್ರಸ್ಟಿನಿಂದ ಬಂದ "ಸಾಲ". ಸಾಲಕ್ಕೆ ತೆರಿಗೆ ಇಲ್ಲ ಅಂತ ಕಂಪನಿಯವರು ಹೇಳಿದ್ದರು. ವಾಪಸ್ ಕೊಡಬೇಕಾ ಅಂತ ಕೇಳಿದ್ದಕ್ಕೆ, ಯಾರೂ ಕೇಳಲ್ಲ ಬಿಡಿ ಅಂದರು. ಉಳಿದ 18 ಪರ್ಸೆಂಟ್ ಅವರ ಫೀಸು. 2014ರ ಏಪ್ರಿಲ್ ಹೊತ್ತಿಗೆ ನನ್ನ ಹೆಸರಿನಲ್ಲಿ ಸುಮಾರು 84 ಸಾವಿರ ಪೌಂಡ್ ಸಾಲ ಇತ್ತು.

2016ರ ಮಾರ್ಚ್ ಬಜೆಟ್‌ನಲ್ಲಿ ಸರ್ಕಾರ ಲೋನ್ ಚಾರ್ಜ್ ಘೋಷಿಸಿತು. 2017ರಲ್ಲಿ ಕಾನೂನಾಯಿತು. 2019ರ ಏಪ್ರಿಲ್ 5ಕ್ಕೆ ಬಾಕಿ ಇದ್ದ ಹಳೇ ಸಾಲವನ್ನೆಲ್ಲ ಆ ಒಂದೇ ವರ್ಷದ ಆದಾಯ ಅಂತ ಹಿಡಿದು ತೆರಿಗೆ ಹಾಕುವುದು ಅದರ ಸಾರ. ಮೊದಲಿಗೆ 1999ರವರೆಗೂ ಹಿಂದಕ್ಕೆ ಹೋಗಿದ್ದರು. ಇಪ್ಪತ್ತು ವರ್ಷ! ಸುಮಾರು 50 ಸಾವಿರ ಜನ ಇದರಲ್ಲಿ ಸಿಕ್ಕಿಕೊಂಡರು ಅಂತ ಇಲಾಖೆಯದೇ ಅಂದಾಜು. ಈ ದುಡ್ಡು ನಿಜವಾಗಿ ಸಂಬಳವೇ ಅಂತ ನಾನೂ ಒಪ್ಪುತ್ತೇನೆ. 2017ರ ಜುಲೈನಲ್ಲಿ ರೇಂಜರ್ಸ್ ಫುಟ್‌ಬಾಲ್ ಕ್ಲಬ್‌ನ ಕೇಸಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಆದರೆ ಸ್ಕೀಮು ಮಾರಿ ಫೀಸು ಜೇಬಿಗೆ ಹಾಕಿಕೊಂಡವರನ್ನು ಬಿಟ್ಟು, ವರ್ಷಗಳ ನಂತರ ಕೆಲಸ ಮಾಡಿದವರ ಬಾಗಿಲಿಗೆ ಬಂದದ್ದು ಅನ್ಯಾಯ. ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಈಗ ಕೆಲಸದ ಮಾತು.

ಕೈಯಲ್ಲಿರುವ ಕಾಗದ ಯಾವ ಜಾತಿಯದು ಅಂತ ಮೊದಲು ಗುರುತು ಹಿಡಿಯಿರಿ. ಎಲ್ಲ ಒಂದೇ ಥರ ಕಾಣುತ್ತವೆ, ಆದರೆ ಒಂದೊಂದಕ್ಕೆ ಒಂದೊಂದು ಗಡುವು. ತೆರಿಗೆ ಅಸೆಸ್‌ಮೆಂಟ್ ಅಥವಾ ಕ್ಲೋಷರ್ ನೋಟಿಸ್ (ವಿಚಾರಣೆ ಮುಗಿಸಿ ಕೊಡುವ ತೀರ್ಮಾನ) ಆದರೆ ಅಪೀಲಿಗೆ 30 ದಿನ. ಅಪೀಲಿನ ಜೊತೆಯಲ್ಲೇ, ತೀರ್ಮಾನ ಆಗುವ ತನಕ ತೆರಿಗೆ ವಸೂಲಿ ತಡೆಹಿಡಿಯಿರಿ ಅಂತಲೂ ಬರೆದು ಕೇಳಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ. ಆಕ್ಸಿಲರೇಟೆಡ್ ಪೇಮೆಂಟ್ ನೋಟಿಸ್ ಆದರೆ 90 ದಿನ. ಇದು 2014ರಲ್ಲಿ ಬಂದ ಕಾನೂನು, ಮೊದಲು ಕಟ್ಟು ಆಮೇಲೆ ಜಗಳ ಆಡು ಅನ್ನುವಂಥದ್ದು. ಅಪೀಲಿಲ್ಲ, ಲಿಖಿತ ಆಕ್ಷೇಪಣೆ ಮಾತ್ರ. ಇನ್ನು "ನಿಮ್ಮ ವ್ಯವಹಾರ ಒಮ್ಮೆ ನೋಡಿಕೊಳ್ಳಿ" ಅಂತ ಸುಮ್ನೆ ಬರುವ ಪತ್ರಗಳೂ ಇವೆ. ಅವಕ್ಕೆ ಕಾನೂನಿನ ಗಡುವು ಇರುವುದಿಲ್ಲ, ಆದರೂ ಉತ್ತರ ಕೊಡದೆ ಬಿಡಬೇಡಿ. ಲಕೋಟೆಯ ಮೇಲೆ ಬಂದ ದಿನಾಂಕ ಪೆನ್ನಿನಲ್ಲಿ ಬರೆದಿಡಿ. ಪತ್ರದ ದಿನಾಂಕಕ್ಕೂ ಮನೆಗೆ ಬಂದ ದಿನಕ್ಕೂ ವಾರದ ಅಂತರ ಇರಬಹುದು.

ಆಮೇಲೆ ಹಳೇ ಕಾಗದ ಕೂಡಿಸುವುದು. ಎಲ್ಲಕ್ಕಿಂತ ಜಾಸ್ತಿ ಟೈಮು ತಿನ್ನುವುದು ಇದೇ, ಎಲ್ಲಕ್ಕಿಂತ ಜಾಸ್ತಿ ದುಡ್ಡು ಉಳಿಸುವುದೂ ಇದೇ. ಬ್ಯಾಂಕಿನವರು ಹಳೇ ಸ್ಟೇಟ್‌ಮೆಂಟ್ ಎಲ್ಲ ಕಾಲಕ್ಕೂ ಇಟ್ಟಿರುವುದಿಲ್ಲ. ಸಿಕ್ಕಿದ್ದಷ್ಟನ್ನೂ ಇವತ್ತೇ ಇಳಿಸಿಕೊಳ್ಳಿ. ಹಳೇ ಇಮೇಲ್‌ನಲ್ಲಿ ಅಂಬ್ರೆಲಾ, ಟ್ರಸ್ಟ್, ಲೋನ್ ಅಂತ ಹುಡುಕಿ. ಪೇಸ್ಲಿಪ್, ಪಿ60 (ವರ್ಷದ ಸಂಬಳ, ತೆರಿಗೆಯ ಸರ್ಟಿಫಿಕೇಟ್), ಸಹಿ ಹಾಕಿದ ಒಪ್ಪಂದ, ಏಜೆನ್ಸಿಯವರು "ಇದು ಸೇಫ್" ಅಂತ ಬರೆದ ಮೇಲ್, ಎಲ್ಲ ತೆಗೆದಿಡಿ. ಇಲಾಖೆಯಲ್ಲಿ ನಿಮ್ಮ ಬಗ್ಗೆ ಏನಿದೆ ಅಂತ ತಿಳಿಯಲು ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಹಾಕಿ. ಫೀಸಿಲ್ಲ. ಡೇಟಾ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು.

ನಾನು ಊಟದ ಟೇಬಲ್ ಮೇಲೆ ಕಾಗದ ಹರಡಿ, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಶುಕ್ರವಾರಕ್ಕೆ ಒಂದು ಸಾಲು ಬರೆದೆ. ತಾರೀಖು, ಸಂಬಳ, ಸಾಲ. ಮೂರು ಭಾನುವಾರ ಹಿಡಿಯಿತು. ಟ್ರಸ್ಟಿನವರು ಕಳಿಸಿದ್ದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ 2013ರ ಆಗಸ್ಟ್‌ನಲ್ಲಿ ಮೂರು ವಾರದ ಸಾಲ ಎರಡೆರಡು ಸಲ ಬರೆದಿದ್ದರು. 3,915 ಪೌಂಡ್.  ಎರಡನೇ ಸಲ ಬರೆದ ದುಡ್ಡು ಬ್ಯಾಂಕಿಗೆ ಜಮಾ ಆಗಿರಲಿಲ್ಲ, ತಪ್ಪು ತೋರಿಸಲು ಅಷ್ಟೇ ಸಾಕಾಯಿತು. ಅವರ ಪಟ್ಟಿಯನ್ನೇ ನಂಬಿದ್ದರೆ ಇಲ್ಲದ ಸಾಲಕ್ಕೂ ತೆರಿಗೆ ಕಟ್ಟುತ್ತಿದ್ದೆ.

ಮೂರನೆಯದು ವರ್ಷಗಳ ಲೆಕ್ಕ. 2019ರ ಡಿಸೆಂಬರ್‌ನಲ್ಲಿ ಲೋನ್ ಚಾರ್ಜ್ ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಸರ್ ಏಮಿಯಾಸ್ ಮೋರ್ಸ್ ಅವರ ವರದಿ ಬಂದು ಕಾನೂನು ಸಡಿಲ ಆಯಿತು. 2010ರ ಡಿಸೆಂಬರ್ 9ಕ್ಕಿಂತ ಮುಂಚಿನ ಸಾಲಗಳು ಲೋನ್ ಚಾರ್ಜಿನಿಂದ ಪೂರ್ತಿ ಹೊರಗೆ. ಅಲ್ಲಿಂದ 2016ರ ಏಪ್ರಿಲ್ 5ರವರೆಗಿನ ಸಾಲಗಳಲ್ಲೂ, ಆ ವರ್ಷದ ರಿಟರ್ನಿನಲ್ಲಿ ಸ್ಕೀಮಿನ ವಿವರ ಸರಿಯಾಗಿ ಬರೆದಿದ್ದು, ಇಲಾಖೆ ಆಗ ಯಾವ ಕ್ರಮವನ್ನೂ ತೆಗೆದುಕೊಳ್ಳದೇ ಇದ್ದರೆ, ಆ ವರ್ಷವೂ ಹೊರಗೆ. ಹಾಗಾಗಿ ಹಳೇ ರಿಟರ್ನುಗಳ ನಕಲು ತೆಗೆಸಿ ನೋಡಲೇಬೇಕು. ನನ್ನ ಅಕೌಂಟೆಂಟ್ ಆ ವಿವರ ಬರೆದಿರಲಿಲ್ಲ. ಮಂಡ್ಯದ ಗೆಳೆಯರೊಬ್ಬರ ಅಕೌಂಟೆಂಟ್ ಬರೆದಿದ್ದರು, ಅವರಿಗೆ ಒಂದು ಇಡೀ ವರ್ಷ ಕಳೆಯಿತು. ಆದರೆ ಹುಷಾರು. ಲೋನ್ ಚಾರ್ಜಿನಿಂದ ಹೊರಗೆ ಬಿದ್ದ ವರ್ಷಕ್ಕೆ ಹಳೇ ವಿಚಾರಣೆಯೋ ಅಸೆಸ್‌ಮೆಂಟೋ ಬೇರೆಯಾಗಿ ಬಾಕಿ ಇರಬಹುದು. ಎರಡೂ ಬೇರೆ ಬೇರೆ ದಾರಿ. ಒಂದೇ ಸಾಲದ ಮೇಲೆ ಎರಡೂ ಕಡೆಯಿಂದ ತೆರಿಗೆ ಬಂದಿದ್ದರೆ, ಎರಡು ಸಲ ಕಟ್ಟಲ್ಲ ಅಂತ ಬರೆದು ಕೇಳಿ.

ಸಾಲವನ್ನು ಒಂದೇ ವರ್ಷಕ್ಕೆ ಹಿಡಿಯುವ ಬದಲು ಮೂರು ವರ್ಷಕ್ಕೆ ಹಂಚಲೂ ಆಗ ಅವಕಾಶ ಕೊಟ್ಟರು. 2020ರ ಸೆಪ್ಟೆಂಬರ್ 30 ಗಡುವು. ನನ್ನ ಸಂಬಳ ಆಗ 45 ಸಾವಿರ. 84 ಸಾವಿರವನ್ನೂ ಒಟ್ಟಿಗೆ ಸೇರಿಸಿದರೆ ಆದಾಯ ಒಂದು ಲಕ್ಷ ದಾಟಿ, ತೆರಿಗೆ ಇಲ್ಲದ ಮೊದಲ ಪಾಲೂ ಕೈಬಿಟ್ಟು, ಸುಮಾರು 38 ಸಾವಿರ ಕಟ್ಟಬೇಕಿತ್ತು. ಹಂಚಿದಾಗ 31 ಸಾವಿರದ ಹತ್ತಿರ ಬಂತು. ನಿಮ್ಮ ರಿಟರ್ನಿನಲ್ಲಿ ಆಗ ಯಾವ ಆಯ್ಕೆ ಮಾಡಿದ್ದಿರಿ ಅಂತ ಒಮ್ಮೆ ತೆಗೆದು ನೋಡಿ.

ಇನ್ನೂ ಬಾಕಿ ಇರುವವರಿಗೆ ಈಗ ಒಂದು ಹೊಸ ಬಾಗಿಲಿದೆ. ರೇ ಮೆಕ್ಯಾನ್ ಅವರ ಪರಿಶೀಲನಾ ವರದಿ 2025ರ ನವೆಂಬರ್ 26ರ ಬಜೆಟ್ ಜೊತೆ ಹೊರಬಂತು. ಸೆಟಲ್ ಮಾಡಿಕೊಳ್ಳದವರಿಗೆ ಹೊಸ ಸೆಟಲ್‌ಮೆಂಟ್ ಕೊಡಲು ಸರ್ಕಾರ ಒಪ್ಪಿದೆ. ಸ್ಕೀಮಿನವರಿಗೆ ಕೊಟ್ಟ ಫೀಸಿನ ಬಾಬ್ತು ಒಂದಿಷ್ಟು ಕಡಿತ ಸಿಗುತ್ತದೆ, ಅದರ ಮೇಲೆ 5 ಸಾವಿರ ಪೌಂಡ್ ಬೇರೆ ಬಿಡುತ್ತಾರೆ. ತುಂಬಾ ಜನರಿಗೆ ಬಾಕಿಯಲ್ಲಿ ಅರ್ಧದಷ್ಟಾದರೂ ಇಳಿಯಬಹುದು. ಹಾಗಾಗಿ ಇದನ್ನು ತಿಳಿದುಕೊಳ್ಳದೆ ಹಳೇ ಮೊತ್ತಕ್ಕೆ ಸಹಿ ಹಾಕಬೇಡಿ. ಆಗಲೇ ಸೆಟಲ್ ಮಾಡಿ ಕಟ್ಟಿ ಮುಗಿಸಿದವರು ಇದರೊಳಗೆ ಬರುವುದಿಲ್ಲ. ನನ್ನ ಕೊನೆಯ ಕಂತು ಹೋದದ್ದು 2025ರ ಜೂನ್‌ನಲ್ಲಿ. ಬಜೆಟ್ ದಿನ ಆಫೀಸಿನಲ್ಲಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ನಡೆದು ಬಂದೆ.

ಕಟ್ಟುವ ವಿಷಯ. ಒಟ್ಟಿಗೆ ಆಗದಿದ್ದರೆ ಟೈಮ್ ಟು ಪೇ ಅಂತ ಕಂತಿನ ಏರ್ಪಾಡು ಇದೆ. ಮೋರ್ಸ್ ವರದಿಯ ಹೊತ್ತಿನಲ್ಲಿ, ಮಾರಬಹುದಾದ ಆಸ್ತಿ ಇಲ್ಲದವರಿಗೆ, ಆದಾಯ 50 ಸಾವಿರಕ್ಕಿಂತ ಕಮ್ಮಿ ಇದ್ದರೆ ಕನಿಷ್ಠ ಐದು ವರ್ಷ, 30 ಸಾವಿರಕ್ಕಿಂತ ಕಮ್ಮಿ ಇದ್ದರೆ ಏಳು ವರ್ಷ ಅಂತ ಇಲಾಖೆ ಒಪ್ಪಿತ್ತು. ವಾಸದ ಮನೆ ಮಾರಿಸುವುದಿಲ್ಲ ಅಂತಲೂ ಹೇಳಿತ್ತು. ಫೋನ್ ಮಾಡುವ ಮುಂಚೆ ತಿಂಗಳ ಖರ್ಚು ಬರೆದಿಟ್ಟುಕೊಳ್ಳಿ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಮಗುವಿನ ನರ್ಸರಿ, ಊರಿಗೆ ಅಪ್ಪ ಅಮ್ಮನಿಗೆ ಕಳಿಸುವುದು, ಎಲ್ಲ. ಭಯದಲ್ಲಿ ಜಾಸ್ತಿ ಒಪ್ಪಿಕೊಂಡು ಮೂರನೇ ತಿಂಗಳು ಕಂತು ತಪ್ಪಿಸುವುದು ಬೇಡ. ನಾನು 800 ಅನ್ನಲು ಹೊರಟಿದ್ದೆ, ಪಟ್ಟಿ ನೋಡಿ 640 ಅಂದೆ, ಒಪ್ಪಿದರು. ಕಂತಿನ ಮೇಲೂ ಬಡ್ಡಿ ಓಡುತ್ತದೆ. 2025ರ ಏಪ್ರಿಲ್‌ನಿಂದ ಅದು ಬ್ಯಾಂಕ್ ಆಫ್ ಇಂಗ್ಲೆಂಡ್ ದರಕ್ಕಿಂತ ನಾಲ್ಕು ಪರ್ಸೆಂಟ್ ಜಾಸ್ತಿ. ಅಪೀಲು ನಡೆಯುತ್ತಿದ್ದರೂ ಮುಂಗಡವಾಗಿ ಸ್ವಲ್ಪ ಕಟ್ಟಿಟ್ಟರೆ ಅಷ್ಟರ ಮೇಲಿನ ಬಡ್ಡಿ ನಿಲ್ಲುತ್ತದೆ.

ಇನ್ನೊಂದು ಪತ್ರ ಬರಬಹುದು, ಅದು ಕಂದು ಲಕೋಟೆ ಅಲ್ಲ. ಕೆಲವು ಟ್ರಸ್ಟುಗಳು ಈ ಸಾಲದ ಪುಸ್ತಕವನ್ನೇ ಬೇರೆಯವರಿಗೆ ಮಾರಿವೆ. ಕೊಂಡವರು "ನಿಮ್ಮ ಸಾಲ ವಾಪಸ್ ಕಟ್ಟಿ" ಅಂತ ಬರೆಯುತ್ತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಸಾಲ ತೀರಿತು ಅಂತ ಆಗುವುದಿಲ್ಲ, ಅದೇ ಇಲ್ಲಿನ ಸಂಕಟ. ಬಿಸಿ ತುಪ್ಪದ ಹಾಗೆ, ನುಂಗಲೂ ಆಗಲ್ಲ ಉಗುಳಲೂ ಆಗಲ್ಲ. ಫೋನಿನಲ್ಲಿ ಏನನ್ನೂ ಒಪ್ಪಬೇಡಿ, ಸ್ವಲ್ಪ ದುಡ್ಡು ಕೊಟ್ಟು ಬಾಯಿ ಮುಚ್ಚಿಸೋಣ ಅನ್ನಬೇಡಿ. ಸಾಲಿಸಿಟರ್‌ಗೆ (ವಕೀಲರಿಗೆ) ತೋರಿಸಿ. ಹಾಗೆಯೇ "ನಾವು ಲೋನ್ ಚಾರ್ಜ್ ತೆಗೆಸಿಕೊಡುತ್ತೇವೆ, ಫೀಸು ಇಷ್ಟು" ಅನ್ನುವವರಿದ್ದಾರೆ. ಅದು ಮತ್ತೊಂದು ಸ್ಕೀಮು. ಆದಾಯ ಕಮ್ಮಿ ಇದ್ದರೆ ಟ್ಯಾಕ್ಸ್‌ಏಯ್ಡ್ ಅನ್ನುವ ಸೇವಾ ಸಂಸ್ಥೆ ಉಚಿತವಾಗಿ ಸಲಹೆ ಕೊಡುತ್ತದೆ.

ಊರಿಗೆ ವಾಪಸ್ ಹೋದವರಿಗೆ ಒಂದು ಮಾತು. ಬೆಂಗಳೂರಿಗೆ ಬಂದಾಯಿತು, ಇನ್ನು ಯಾರು ಕೇಳುತ್ತಾರೆ ಅಂದುಕೊಳ್ಳಬೇಡಿ. ತೆರಿಗೆ ವಸೂಲಿಗೆ ಒಬ್ಬರಿಗೊಬ್ಬರು ನೆರವಾಗಲು ಭಾರತ ಮತ್ತು ಬ್ರಿಟನ್ ನಡುವೆ ಒಪ್ಪಂದ ಇದೆ. ಅದಕ್ಕಿಂತ ಮೊದಲು ವಿಳಾಸ ಬದಲಿಸಿ. ಪತ್ರ ಬ್ರಿಟನ್ನಿನ ಹಳೇ ಬಾಡಿಗೆ ಮನೆಗೆ ಹೋಗಿ ಬಿದ್ದಿರುತ್ತದೆ, ನಿಮ್ಮ 30 ದಿನ ಅಲ್ಲೇ ಕಳೆಯುತ್ತದೆ. ಕಳೆದುಹೋಗಿದ್ದರೂ ತಡವಾದ ಅಪೀಲಿಗೆ ಕಾರಣ ಕೊಟ್ಟು ಕೇಳಬಹುದು, ಆದರೆ ಗೊತ್ತಾದ ದಿನವೇ ಕೇಳಬೇಕು. ವೀಸಾ ಅಥವಾ ಐಎಲ್‌ಆರ್ (ಬ್ರಿಟನ್ನಿನಲ್ಲಿ ಕಾಯಂ ಇರಲು ಅನುಮತಿ) ಅರ್ಜಿ ಬಾಕಿ ಇರುವವರು ತೆರಿಗೆ ಸಲಹೆಗಾರರ ಜೊತೆ ಇಮಿಗ್ರೇಷನ್ ಸಲಹೆಗಾರರನ್ನೂ ಕೂರಿಸಿಕೊಳ್ಳಿ. ತೆರಿಗೆ ಲೆಕ್ಕದ ವ್ಯತ್ಯಾಸ ಹಿಡಿದು ಟಿಯರ್ 1 ಜನರಲ್‌ನವರ ಐಎಲ್‌ಆರ್ ತಿರಸ್ಕರಿಸಿದ್ದನ್ನು ನಮ್ಮವರು ಕಂಡಿದ್ದಾರೆ. ಅದು 2019ರಲ್ಲಿ ಕೋರ್ಟ್ ಆಫ್ ಅಪೀಲ್‌ವರೆಗೂ ಹೋಯಿತು.

ಮನೆಯವರಿಗೆ ಹೇಳಿ. ಇದನ್ನು ಲೆಕ್ಕದ ಕೆಲಸಗಳ ಜೊತೆಗೇ ಸೇರಿಸುತ್ತೇನೆ, ಯಾಕೆಂದರೆ ಲೋನ್ ಚಾರ್ಜಿನ ಕಷ್ಟದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಹತ್ತು ಜನರ ಸಾವಿನ ವಿಷಯವನ್ನು ಇಲಾಖೆಯೇ ಪೊಲೀಸ್ ದೂರುಗಳ ಸ್ವತಂತ್ರ ಸಂಸ್ಥೆಗೆ ಒಪ್ಪಿಸಿದೆ. ನಿದ್ದೆ ಬರದಿದ್ದರೆ, ಕೆಟ್ಟ ಯೋಚನೆ ಬಂದರೆ, ಬ್ರಿಟನ್ನಿನಲ್ಲಿ ಸಮಾರಿಟನ್ಸ್‌ನ 116 123ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ದುಡ್ಡಿಲ್ಲ. ಎಚ್‌ಎಂಆರ್‌ಸಿಯಲ್ಲೂ ಎಕ್ಸ್‌ಟ್ರಾ ಸಪೋರ್ಟ್ ಟೀಮ್ ಇದೆ. "ನನಗೆ ಅವರ ಜೊತೆ ಮಾತಾಡಬೇಕು" ಅಂತ ಕೇಳಿ, ಸಂಕೋಚ ಬೇಡ. ನಾನು ಗಂಡನಿಗೆ ಹೇಳಿದ ರಾತ್ರಿ ಅವರು ಬೈಯಲಿಲ್ಲ. ಎದ್ದು ಹೋಗಿ ಡಬ್ಬದ ಹಿಂದಿನಿಂದ ಲಕೋಟೆ ತಂದು, ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಜೋರಾಗಿ ಓದಲು ಶುರು ಮಾಡಿದರು.