ಎಲ್ಲರ ಮತ ಕೇಳೋಣ ಅನ್ನುವ ಕಮಿಟಿಯವರು ಮೊದಲು ಮಾಡಬೇಕಾದ ಕೆಲಸ

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಮನೆ ಬಾಗಲಕೋಟೆಯ ನವನಗರದಲ್ಲಿ. ಇಲ್ಲಿನ ಯಾವುದೇ ಸಂಘದಲ್ಲಿ ಜಗಳ ಬಿಗಿಯಾದರೆ ಒಬ್ಬರು ಎದ್ದು ನಿಂತು, "ಎಲ್ಲಾರ್ನೂ ಕೇಳಿಬಿಡೋಣ್ರಿ, ವೋಟ್ ಹಾಕಸ್ರಿ" ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮರುದಿನ ನನಗೆ ಫೋನ್: "ಸರ, ಚೀಟಿ ಹೆಂಗ ಮಾಡೋದು ಸ್ವಲ್ಪ ಹೇಳ್ರಿ."

ಚೀಟಿ ಮಾಡೋದು ಕೊನೆಯ ಕೆಲಸ. ಅದಕ್ಕಿಂತ ಮುಂಚಿನ ಕೆಲಸಗಳನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮ ಕಾಲೊನಿಯ ಸಮುದಾಯ ಭವನವನ್ನೇ ತಗೊಳ್ಳೋಣ. ಅದನ್ನು ಹೊರಗಿನವರ ಮದುವೆಗೆ ಬಾಡಿಗೆ ಕೊಡಬೇಕಾ ಬೇಡವಾ ಅನ್ನುವುದು ನಮ್ಮಲ್ಲಿ ಎದ್ದ ಪ್ರಶ್ನೆ. ಕೊಟ್ಟರೆ ಸಂಘಕ್ಕೆ ದುಡ್ಡು. ಪಕ್ಕದ ಮನೆಯವರಿಗೆ ರಾತ್ರಿ ಡಿಜೆ, ಬೆಳಗ್ಗೆ ಗೇಟಿನ ಮುಂದೆ ಎಸೆದ ಊಟದ ಎಲೆ.

ಮೊದಲು ಕಮಿಟಿ ಠರಾವು ಬರೆಯಲಿ

ಸದಸ್ಯರ ಮತಕ್ಕೆ ಹಾಕುವ ಮುಂಚೆ ಕಮಿಟಿ ಕೂತು ಪೂರ್ತಿ ಠರಾವು ಬರೆಯಬೇಕು. ಬಾಡಿಗೆ ಎಷ್ಟು, ಡಿಪಾಜಿಟ್ ಎಷ್ಟು, ಧ್ವನಿವರ್ಧಕ ಎಷ್ಟು ಗಂಟೆಗೆ ಬಂದ್, ಕಸ ಯಾರು ಎತ್ತಬೇಕು, ಗಾಡಿ ಎಲ್ಲಿ ನಿಲ್ಲಬೇಕು, ಬಂದ ದುಡ್ಡು ಯಾವುದಕ್ಕೆ ಹೋಗಬೇಕು. ಎಲ್ಲವೂ ನಡಾವಳಿ ಪುಸ್ತಕದಲ್ಲಿ ಬರಲಿ, ಪದಾಧಿಕಾರಿಗಳ ಸಹಿ ಬೀಳಲಿ. ಆಮೇಲೆ ಸದಸ್ಯರ ಮುಂದಿಟ್ಟು, ಇದಕ್ಕೆ ಒಪ್ಪಿಗೆ ಇದೆಯಾ ಅಂತ ಕೇಳಿ.

ಇದನ್ನು ಬಿಟ್ಟರೆ ಏನಾಗುತ್ತದೆ ಅಂತ ತಿಳಿಯಲು ಬ್ರಿಟನ್ ನೋಡಿದರೆ ಸಾಕು. 2016ರ ಜೂನ್ 23ರಂದು ಅಲ್ಲಿನ ಜನರನ್ನು ಯುರೋಪಿಯನ್ ಒಕ್ಕೂಟದಲ್ಲಿ ಇರೋಣವೋ ಬಿಡೋಣವೋ ಅಂತ ಕೇಳಿದರು. ಶೇ. 51.9 ಜನ ಬಿಡೋಣ ಅಂದರು. ಬಿಟ್ಟು ಹೇಗೆ ಹೋಗೋದು, ವ್ಯಾಪಾರದ ಒಪ್ಪಂದ ಇಟ್ಟುಕೊಳ್ಳಬೇಕಾ, ಐರ್ಲೆಂಡಿನ ಗಡಿ ಏನಾಗಬೇಕು, ಇದ್ಯಾವುದೂ ಚೀಟಿಯ ಮೇಲೆ ಇರಲಿಲ್ಲ. ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದವನ್ನು 2019ರಲ್ಲಿ ಸಂಸತ್ತು ಮೂರು ಸಲ ತಿರಸ್ಕರಿಸಿತು. ಅದೇ ವರ್ಷ ಮಾರ್ಚ್ 27ರಂದು ಸಂಸದರು ಎಂಟು ಬೇರೆ ಬೇರೆ ದಾರಿಗಳನ್ನು ಮತಕ್ಕೆ ಹಾಕಿಕೊಂಡರು. ಎಂಟರಲ್ಲಿ ಒಂದಕ್ಕೂ ಬಹುಮತ ಬರಲಿಲ್ಲ. ಜನ ಹೇಳಿದ್ದು "ಹೋಗೋಣ" ಅಂತ ಅಷ್ಟೇ. ಎಲ್ಲಿಗೆ ಅಂತ ಯಾರೂ ಬರೆದಿಟ್ಟಿರಲಿಲ್ಲ. ಹೀಗಾಗಿ ಪ್ರತಿಯೊಬ್ಬ ಸಂಸದನೂ ತಾನು ಹೇಳುವ ದಾರಿಯೇ ಜನರ ತೀರ್ಪು ಅಂತ ವಾದಿಸಬಹುದಿತ್ತು. ಹಾಗೆಯೇ ವಾದಿಸಿದರು ಕೂಡ.

ಪಕ್ಕದ ಐರ್ಲೆಂಡಿನಲ್ಲಿ ದಾರಿ ಬೇರೆ. ಅಲ್ಲಿ ಸಂವಿಧಾನ ತಿದ್ದಬೇಕಾದರೆ ಮೊದಲು ಸಂಸತ್ತಿನ ಎರಡೂ ಮನೆಗಳು ಮಸೂದೆ ಪಾಸು ಮಾಡಬೇಕು. ಆಮೇಲೆ ಅದೇ ಮಸೂದೆ ಜನರ ಮುಂದೆ ಬರುತ್ತದೆ. 2018ರಲ್ಲಿ ಗರ್ಭಪಾತದ ವಿಷಯ ಮತಕ್ಕೆ ಹೋದಾಗ, ಜನ ಒಪ್ಪಿದರೆ ಮುಂದೆ ತರುವ ಕಾನೂನಿನ ಕರಡನ್ನೂ ಸರ್ಕಾರ ಮೊದಲೇ ಹೊರಗಿಟ್ಟಿತ್ತು. ಸಂಸತ್ತು ದೊಡ್ಡದಾ ಜನ ದೊಡ್ಡವರಾ ಅಂತ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಿದ್ದರು. ನಾನು ಐರ್ಲೆಂಡ್ ತೋರಿಸುತ್ತಿದ್ದೆ. ಬರೆಯುವುದು ಒಬ್ಬರ ಕೆಲಸ, ಒಪ್ಪುವುದು ಇನ್ನೊಬ್ಬರ ಕೆಲಸ.

ಚೀಟಿಯ ಮೇಲಿನ ವಾಕ್ಯ

ನಮ್ಮ ಕಾರ್ಯದರ್ಶಿ ಮೊದಲು ಬರೆದು ತಂದದ್ದು ಹೀಗಿತ್ತು: "ಸಂಘದ ಆದಾಯ ಹೆಚ್ಚಿಸಲು ಭವನವನ್ನು ಸದುಪಯೋಗ ಮಾಡಬೇಕೇ? ಹೌದು / ಇಲ್ಲ." ಇದಕ್ಕೆ ಇಲ್ಲ ಅನ್ನುವವರು ಯಾರು? ನಾನು ಪೆನ್ನು ತಗೊಂಡು "ಆದಾಯ ಹೆಚ್ಚಿಸಲು" ಹೊಡೆದುಹಾಕಿದೆ. "ಸದುಪಯೋಗ" ಹೊಡೆದೆ. ಕೊನೆಗೆ ಉಳಿದದ್ದು: "ಹಿಂಬದಿಯಲ್ಲಿ ಅಚ್ಚು ಹಾಕಿರುವ ಠರಾವಿನ ಪ್ರಕಾರ ಭವನವನ್ನು ಹೊರಗಿನವರ ಮದುವೆಗೆ ಬಾಡಿಗೆ ಕೊಡುವುದು. ಕೊಡಲಿ / ಕೊಡುವುದು ಬೇಡ." ಕಾರ್ಯದರ್ಶಿಯವರ ಮುಖ ಸಣ್ಣದಾಯಿತು. ಆದರೆ ಎದುರು ಪಾರ್ಟಿಯವರೂ ಅದೇ ಚೀಟಿಗೆ ತಲೆಯಾಡಿಸಿದರಲ್ಲ, ನನಗೆ ಬೇಕಾಗಿದ್ದೂ ಅದೇ.

"ಹೌದು / ಇಲ್ಲ" ಬಿಟ್ಟು ಎರಡೂ ಕಡೆಯ ಮಾತನ್ನು ಪೂರ್ತಿ ಬರೆಯಿರಿ. ಬ್ರಿಟನ್ನಿನ ಚುನಾವಣಾ ಆಯೋಗವೂ 2016ರ ಪ್ರಶ್ನೆಯಲ್ಲಿ ಇದನ್ನೇ ಮಾಡಿಸಿತು. ಸರ್ಕಾರ ಹೌದು–ಇಲ್ಲ ಅಂತ ಬರೆದಿತ್ತು, ಆಯೋಗದ ಸಲಹೆ ಮೇಲೆ ಇರೋದು–ಬಿಡೋದು ಅಂತ ಬದಲಾಯಿತು. ನಮ್ಮ ಪಕ್ಕದ ಗೋವಾದಲ್ಲಿ 1967ರ ಜನವರಿ 16ರಂದು ನಡೆದ ಜನಮತದಲ್ಲಿ ಎರಡೂ ಕಡೆಗೆ ಚಿಹ್ನೆಯನ್ನೇ ಕೊಟ್ಟಿದ್ದರು. ಮಹಾರಾಷ್ಟ್ರಕ್ಕೆ ಸೇರುವುದಕ್ಕೆ ಹೂವು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯುವುದಕ್ಕೆ ಎರಡು ಎಲೆ. ಓದು ಬಾರದವರಿಗೂ ಗೊಂದಲ ಇಲ್ಲ.

ಗೋವಾದ ಇನ್ನೊಂದು ಸಂಗತಿ ಕಮಿಟಿಯವರು ತಿಳಿದಿರಬೇಕು. ವಿಲೀನ ಆಗಲೇಬೇಕು ಅನ್ನುತ್ತಿದ್ದ ಪಕ್ಷವೇ, ಜನಮತಕ್ಕಾಗಿ 1966ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಡುವವರೆಗೆ, ಅಲ್ಲಿ ಅಧಿಕಾರದಲ್ಲಿತ್ತು. ಜನಮತದಲ್ಲಿ ವಿಲೀನ ಬೇಡ ಅಂತ 34,021 ಮತ ಜಾಸ್ತಿ ಬಿತ್ತು. ಕೆಲವೇ ತಿಂಗಳಲ್ಲಿ ಚುನಾವಣೆ ಬಂತು, ಅದೇ ಪಕ್ಷ ಮತ್ತೆ ಗೆದ್ದಿತು, ಅದರ ನಾಯಕ ಬಾಂದೋಡ್ಕರ್ ಮತ್ತೆ ಮುಖ್ಯಮಂತ್ರಿಯಾದರು. ಜನ ನಿಮ್ಮನ್ನು ಆರಿಸಿದ ಮಾತ್ರಕ್ಕೆ ನೀವು ಹೇಳುವ ಎಲ್ಲದಕ್ಕೂ ಹೂಂ ಅಂದಂತೆ ಅಲ್ಲ. ಒಂದು ವಿಷಯಕ್ಕೆ ಊಹೂಂ ಅಂದರೆ ನಿಮ್ಮನ್ನು ಇಳಿಸಿದಂತೆಯೂ ಅಲ್ಲ. ಮತದಲ್ಲಿ ಸೋತ ಅಧ್ಯಕ್ಷರು ಮುನಿಸಿಕೊಂಡು ರಾಜೀನಾಮೆ ಬಿಸಾಕುವ ಚಾಳಿ ನಮ್ಮ ಕಡೆ ಇದೆ. ಅದರ ಅಗತ್ಯ ಇಲ್ಲ.

ಯಾರು ಮತ ಹಾಕಬೇಕು

ಅತಿ ಕಷ್ಟದ ಪ್ರಶ್ನೆ ಇದೇ. ನವನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಊರು ಹುಟ್ಟಿದ್ದೇ ಮುಳುಗಡೆಯಿಂದ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ಇಲ್ಲಿಗೆ ಬಂದರು. ಈಗ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಇದೆ, ಮತ್ತಷ್ಟು ಜಮೀನು, ಮನೆ ಹೋಗುತ್ತವೆ. "ನಮ್ಮನ್ನ ಯಾರು ಕೇಳಿದ್ರು?" ಅಂತ ಹಿರಿಯರು ಇಂದಿಗೂ ಅನ್ನುತ್ತಾರೆ. ಆ ಮಾತಿನಲ್ಲಿ ನ್ಯಾಯ ಇದೆ. 2013ರ ಭೂಸ್ವಾಧೀನ ಕಾಯ್ದೆಯಲ್ಲೂ ಖಾಸಗಿ ಕಂಪನಿಗೆ ಜಮೀನು ಬೇಕಾದರೆ ಶೇ. 80ರಷ್ಟು ಜನರ ಒಪ್ಪಿಗೆ ಬೇಕು. ಸರ್ಕಾರದ ಸ್ವಂತ ಯೋಜನೆಗೆ ಆ ಷರತ್ತು ಇಲ್ಲ.

ಸರಿ, ಮತ ಹಾಕಿಸಿದ್ದರು ಅಂತಲೇ ಇಟ್ಟುಕೊಳ್ಳಿ. ಯಾರಿಂದ? ಮುಳುಗುವವರನ್ನಷ್ಟೇ ಕೇಳಿದರೆ ಉತ್ತರ ಏನು ಅಂತ ಎಲ್ಲರಿಗೂ ಗೊತ್ತು. ಕಾಲುವೆಯ ನೀರು ಕುಡಿಯುವ ಇಂಡಿ, ಶಹಾಪುರದ ಹೊಲದವರನ್ನು ಸೇರಿಸಿದರೆ ಉತ್ತರ ತಿರುಗುತ್ತದೆ. ಸಾಂಗ್ಲಿ, ಕೊಲ್ಹಾಪುರದವರು ಪ್ರವಾಹದ ಭಯ ಹೇಳುತ್ತಾರೆ, ಅವರನ್ನೂ ಕೇಳಬೇಕಾ? ಪಟ್ಟಿ ಮಾಡಿದವನೇ ಫಲಿತಾಂಶ ಬರೆದಂತೆ ಆಗುತ್ತದೆ. ಶಾಸನಸಭೆ ಇರಬೇಕು ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ಮುಳುಗುವ ಊರಿನ ಶಾಸಕನೂ ಇರುತ್ತಾನೆ, ನೀರು ಪಡೆಯುವ ಊರಿನವನೂ ಇರುತ್ತಾನೆ. ಪರಿಹಾರ ಎಷ್ಟು, ಯಾವಾಗ ಅಂತ ಚೌಕಾಶಿ ಮಾಡಬಹುದು. ಚೀಟಿ ಚೌಕಾಶಿ ಮಾಡುವುದಿಲ್ಲ. ಶಾಸಕರು ಆ ಚೌಕಾಶಿ ಸರಿಯಾಗಿ ಮಾಡಿದರೋ ಇಲ್ಲವೋ, ಅದು ಬೇರೆ ಜಗಳ. ನಮ್ಮ ಚಹಾದಂಗಡಿಯಲ್ಲಿ ದಿನಾ ನಡೆಯುತ್ತದೆ.

ನಿಮ್ಮ ಸಂಘದಲ್ಲಿ ಹೀಗೆ ಮಾಡಿ. ಬೈಲಾ ತೆಗೆದು ಮತದ ಹಕ್ಕು ಯಾರಿಗಿದೆ ನೋಡಿ, ಆ ಪಟ್ಟಿಯನ್ನು ಪ್ರಶ್ನೆ ಬರೆಯುವ ಮುಂಚೆಯೇ ನೋಟಿಸ್ ಬೋರ್ಡಿಗೆ ಹಚ್ಚಿ. ಆಮೇಲೆ ಭವನದ ಗೋಡೆಗೆ ಹತ್ತಿದ ಮನೆಗಳವರನ್ನು ಬೇರೆಯಾಗಿ ಕರೆದು, ಅವರ ಷರತ್ತುಗಳನ್ನು ಠರಾವಿನಲ್ಲಿ ಸೇರಿಸಿ. ಮತ ಎಲ್ಲರಿಗೂ ಒಂದೇ ಇರಲಿ. ಆದರೆ ನಿದ್ದೆ ಕೆಡುವುದು ಅವರದ್ದು, ಹಾಗಾಗಿ ಬರೆಯುವಾಗ ಅವರ ಮಾತಿಗೆ ತೂಕ ಜಾಸ್ತಿ ಇರಲಿ.

ಕೆಲವನ್ನು ಮತಕ್ಕೇ ಹಾಕಬೇಡಿ. ಒಂದು ಸಂಘದಲ್ಲಿ ಬಾಡಿಗೆದಾರರಿಗೆ ಬೋರ್ ನೀರು ಬಿಡಬೇಕಾ ಅಂತ ಮತ ಹಾಕಿಸಲು ಹೊರಟಿದ್ದರು. ಮತ ಹಾಕುವವರೆಲ್ಲ ಮನೆ ಮಾಲೀಕರೇ! ಸ್ವಿಟ್ಜರ್ಲೆಂಡಿನಲ್ಲಿ 1959ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡಬೇಕಾ ಅಂತ ಗಂಡಸರನ್ನು ಮಾತ್ರ ಕೇಳಿದರು. ಬೇಡ ಅಂದರು. ಹಕ್ಕು ಸಿಗಲು 1971 ಬರಬೇಕಾಯಿತು. ನೀರಿನ ವಿಷಯವನ್ನು ನಾನು ಅಲ್ಲಿಯೇ ನಿಲ್ಲಿಸಿದೆ. ಅಂಥದ್ದನ್ನು ಕಮಿಟಿಯೇ ಧೈರ್ಯವಾಗಿ ನಿರ್ಧರಿಸಬೇಕು, ಬೈಸಿಕೊಳ್ಳಬೇಕು.

ಎಷ್ಟು ಬಂದರೆ ಗೆದ್ದಂತೆ

ಇದನ್ನು ಎಣಿಕೆಗೆ ಮುಂಚೆ ಬರೆದಿಡಿ, ನಂತರ ಬೇಡ. ಸ್ಕಾಟ್ಲೆಂಡಿನಲ್ಲಿ 1979ರಲ್ಲಿ ಸ್ವಂತ ಶಾಸನಸಭೆ ಬೇಕು ಅಂತ ಶೇ. 51.6 ಮತ ಬಿದ್ದರೂ ಆಗಲಿಲ್ಲ. ಒಟ್ಟು ಮತದಾರರಲ್ಲಿ ಶೇ. 40 ಜನ ಒಪ್ಪಬೇಕು ಅಂತ ಸಂಸತ್ತು ಷರತ್ತು ಹಾಕಿತ್ತು, ಬಂದದ್ದು ಶೇ. 32.9. ಮನೆಯಲ್ಲಿ ಕೂತವರೆಲ್ಲ ಬೇಡ ಅಂದಂತೆ ಲೆಕ್ಕವಾಯಿತು. ಸಂಘಗಳಿಗೆ ಇಂಥ ಷರತ್ತು ನನಗೆ ಹಿಡಿಸುವುದಿಲ್ಲ, ಎದುರು ಪಾರ್ಟಿ ಸುಮ್ನೆ ಮನೆಯಲ್ಲಿದ್ದೇ ಗೆದ್ದುಬಿಡುತ್ತದೆ. ಕೋರಂ, ಅಂದರೆ ಬರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ, ಬೈಲಾದಲ್ಲಿ ಇದ್ದಷ್ಟೇ ಇಡಿ, ಹಾಕಿದ ಮತದಲ್ಲಿ ಬಹುಮತ ಸಾಕು. ಬೈಲಾ ತಿದ್ದುವ ವಿಷಯವಾದರೆ ಮಾತ್ರ ಅದರಲ್ಲೇ ಬರೆದಿರುವ ಹೆಚ್ಚಿನ ಬಹುಮತ ನೋಡಿ.

ಕಮಿಟಿ ಅದಕ್ಕೆ ಬದ್ಧವೋ ಇಲ್ಲವೋ

ಚೀಟಿಯ ಮೇಲೆಯೇ ಒಂದು ಸಾಲು ಅಚ್ಚು ಹಾಕಿಸಿ: "ಈ ಮತ ಕಮಿಟಿಗೆ ಕಡ್ಡಾಯ" ಅಥವಾ "ಈ ಮತ ಸಲಹೆ ಮಾತ್ರ." ಬ್ರಿಟನ್ನಿನ 2016ರ ಜನಮತಕ್ಕೆ 2015ರಲ್ಲಿ ಮಾಡಿದ ಕಾಯ್ದೆಯಲ್ಲಿ ಕಡ್ಡಾಯ ಅನ್ನುವ ಮಾತು ಇರಲಿಲ್ಲ. ಮಂತ್ರಿಗಳು ಜನರ ತೀರ್ಪು ಸಿಕ್ಕಿದೆ ಅಂತ ನೇರ ಹೊರಟರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಜನವರಿ 24ರಂದು ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತು, ಸಂಸತ್ತು ಕಾಯ್ದೆ ಮಾಡದೆ ಮುಂದೆ ಹೋಗುವಂತಿಲ್ಲ ಅಂತ ತೀರ್ಪು ಬಂತು. ಅದೇ ದೇಶದಲ್ಲಿ 2011ರಲ್ಲಿ ಮತದಾನ ಪದ್ಧತಿ ಬದಲಿಸುವ ಜನಮತ ನಡೆದಾಗ, ಜನ ಹೂಂ ಅಂದರೆ ಜಾರಿ ಆಗಲೇಬೇಕು ಅಂತ ಕಾಯ್ದೆಯಲ್ಲೇ ಬರೆದಿದ್ದರು. ಜನ ಬೇಡ ಅಂದರು, ತಕರಾರೂ ಏಳಲಿಲ್ಲ.

ನಮ್ಮ ದೇಶದಲ್ಲಿ ಜನಮತದ ಏರ್ಪಾಡು ಸಂವಿಧಾನದಲ್ಲಿ ಇಲ್ಲ. ತರುವ ಪ್ರಯತ್ನ ಒಮ್ಮೆ ಆಗಿತ್ತು. 1978ರಲ್ಲಿ ಜನತಾ ಸರ್ಕಾರ, ಸಂವಿಧಾನದ ಬುಡಕ್ಕೆ ಕೈ ಹಾಕುವ ತಿದ್ದುಪಡಿಗಳಿಗೆ ಜನಮತ ಬೇಕು ಅಂತ ಮಸೂದೆ ತಂದಿತು. ಲೋಕಸಭೆ ಒಪ್ಪಿತು, ರಾಜ್ಯಸಭೆ ಆ ಭಾಗ ಕಿತ್ತುಹಾಕಿತು. ಬೆಳಗಾವಿ ಕಡೆ ಗಡಿ ವಿಷಯ ಬಂದಾಗಲೆಲ್ಲ ಜನಮತ ತಗೊಳ್ಳಿ ಅನ್ನುವವರಿಗೆ ಉತ್ತರವೂ ಸಂವಿಧಾನದಲ್ಲೇ ಇದೆ. 3ನೇ ವಿಧಿ ಪ್ರಕಾರ ರಾಜ್ಯಗಳ ಗಡಿ ಬದಲಿಸುವುದು ಸಂಸತ್ತಿನ ಕೈಯಲ್ಲಿದೆ. ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ಅದಕ್ಕೂ ಸಂಸತ್ತು ಬದ್ಧವಲ್ಲ.

ಸಂಘದಲ್ಲಿ ನನ್ನ ಸಲಹೆ ಕಡ್ಡಾಯ ಅನ್ನುವುದೇ. ಒಪ್ಪುವ ಮನಸ್ಸಿಲ್ಲದಿದ್ದರೆ ಕೇಳಲೇಬೇಡಿ.

ಎಣಿಕೆ ಆದ ಮೇಲೆ ಎರಡೂ ಕಡೆ ಬಿದ್ದ ಮತ, ತಿರಸ್ಕೃತ ಚೀಟಿ, ಬಂದವರ ಸಂಖ್ಯೆ ಎಲ್ಲವನ್ನೂ ನಡಾವಳಿಯಲ್ಲಿ ಬರೆದು ಎರಡೂ ಪಾರ್ಟಿಯ ಒಬ್ಬೊಬ್ಬರಿಂದ ಸಹಿ ಹಾಕಿಸಿ. ಎಷ್ಟು ದಿನ ಈ ವಿಷಯ ಮತ್ತೆ ತರುವಂತಿಲ್ಲ ಅನ್ನುವುದು ಠರಾವಿನಲ್ಲೇ ಇರಲಿ. ನಮ್ಮದರಲ್ಲಿ ಎರಡು ವರ್ಷ ಅಂತ ಹಾಕಿದ್ದೇವೆ. ಚೀಟಿಗಳನ್ನು ಕವರಿನಲ್ಲಿ ಅರಗು ಮುದ್ರೆ ಹಾಕಿ ಖಜಾಂಚಿಯ ಕಪಾಟಿನಲ್ಲಿ ಇಡಿ, ಕಾರ್ಯದರ್ಶಿಯ ಮನೆಯಲ್ಲಿ ಬೇಡ. ಮುಂದಿನ ವಾರ್ಷಿಕ ಸರ್ವಸಾಧಾರಣ ಸಭೆ ಮುಗಿಯುವವರೆಗೆ ಅದನ್ನು ಹರಿಯಬೇಡಿ. ತಕರಾರು ಬಂದರೆ ಅಲ್ಲಿಯೇ ಬರುತ್ತದೆ.