ಮಧ್ಯಾಹ್ನ ಹತ್ತಿದ ಸೀನಾಯಿ: ನನ್ನ ಅನುಭವ

ಈಜಿಪ್ಟಿನ ಸೀನಾಯಿ ಬೆಟ್ಟವನ್ನು, ಅಂದರೆ ದೇವರು ಮೋಶೆಗೆ ಹತ್ತು ಆಜ್ಞೆ ಕೊಟ್ಟನೆಂದು ನಂಬುವ ಬೆಟ್ಟವನ್ನು, ಮಧ್ಯಾಹ್ನ ಹತ್ತಿಸುತ್ತೇನೆ ಅಂದಾಗ ಟೂರ್ ನಡೆಸುವವರು ಯಾರೂ ಒಪ್ಪಲಿಲ್ಲ. ರಾತ್ರಿ ಒಂದಕ್ಕೆ ಎಬ್ಬಿಸಿ, ಟಾರ್ಚ್ ಕೊಟ್ಟು ಹತ್ತಿಸಿ, ಸೂರ್ಯೋದಯ ತೋರಿಸಿ ಇಳಿಸುವುದೇ ಎಲ್ಲರ ಪದ್ಧತಿ. 2019ರ ನವೆಂಬರಿನಲ್ಲಿ ನಮ್ಮ ಧಾರವಾಡ ಕಡೆಯ ಕ್ರೈಸ್ತ ಸಭೆಯ ಸುಮಾರು ಮೂವತ್ತು ಜನರ ತಂಡವನ್ನು ನಾನು ಮಧ್ಯಾಹ್ನವೇ ಹತ್ತಿಸಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರು.

ಹಿಂದೆ ಪ್ಯಾಕೇಜಿನಲ್ಲಿ ಹೋದಾಗ ಆದದ್ದು ನೆನಪಿದೆ. ನಿದ್ದೆಗೆಟ್ಟವರು ಕೊನೆಯ 750 ಮೆಟ್ಟಿಲುಗಳ ಬುಡದಲ್ಲಿ ಬೆದೂಯಿನರ (ಅಲ್ಲಿನ ಮರುಭೂಮಿಯ ಬುಡಕಟ್ಟಿನವರ) ಗುಡಿಸಲಲ್ಲಿ ಬಾಡಿಗೆ ಕಂಬಳಿ ಹೊದ್ದು ಕುಸಿದರು. ಕೆಳಗಿಳಿದ ಮೇಲೆ ಬೆಟ್ಟದ ಬುಡದ ಸಂತ ಕ್ಯಾಥರೀನ್ ಕ್ರೈಸ್ತ ಮಠ ನೋಡುವ ತ್ರಾಣ ಯಾರಿಗೂ ಇಲ್ಲ, ಬಸ್ಸಿನಲ್ಲೇ ಮಲಗಿಬಿಟ್ಟರು. ಲಕ್ಷದ ಮೇಲೆ ದುಡ್ಡು ಸುರಿದು, ಮೋಶೆ ಕಂಡ ಉರಿಯುವ ಪೊದೆ ಎಂದು ತೋರಿಸುವ ಗಿಡವನ್ನೂ ನೋಡದೆ ಊರಿಗೆ ಬಂದರು. ನನಗೆ ಅದು ಸಹಿಸಲಾಗಲಿಲ್ಲ.

ಈ ಸಲ ದಾರಿಯನ್ನೇ ತಿರುಗಿಸಿದೆ. ಜೋರ್ಡಾನಿನ ಅಮ್ಮಾನಿನಿಂದ ಶುರುಮಾಡದೆ, ಇಸ್ರಾಯೇಲರು ಐಗುಪ್ತದಿಂದ ಹೊರಟ ಕಥೆ ಹೇಳುವ ಬೈಬಲಿನ ವಿಮೋಚನಕಾಂಡದ ಕ್ರಮದಲ್ಲೇ ಕೈರೋ, ಸುಯೆಜ್ ಕಾಲುವೆಯ ಕೆಳಗಿನ ಸುರಂಗ, ಅಯೂನ್ ಮೂಸಾ (ಮೋಶೆಯ ಬುಗ್ಗೆಗಳು), ವಾದಿ ಫೈರಾನ್ ಕಣಿವೆ. ಇಸ್ರಾಯೇಲರು ಇಳಿದುಕೊಂಡ ರೆಫೀದೀಮ್ ಇದೇ ಎಂದು ಪರಂಪರೆ ಹೇಳುವ ಆ ಖರ್ಜೂರದ ತೋಪಿನಲ್ಲಿ ಅರ್ಧ ದಿನ ವಿಶ್ರಾಂತಿ. ಬೆಟ್ಟದ ಹತ್ತಿರದ ಕ್ಯಾಥರೀನ್ ಊರಿಗೆ ಸಂಜೆ ಮುಟ್ಟಿ, ಎಲ್ಲರಿಗೂ ಇಡೀ ರಾತ್ರಿ ನಿದ್ದೆ. ಊರು ಇರುವುದೇ ಸುಮಾರು 1,600 ಮೀಟರ್ ಎತ್ತರದಲ್ಲಿ. ಒಂದು ರಾತ್ರಿ ಮಲಗೆದ್ದರೆ ಉಸಿರು ಹದಕ್ಕೆ ಬರುತ್ತದೆ.

ಮರುದಿನ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಮಠ. ಆಗ ಶುಕ್ರವಾರ, ಭಾನುವಾರ ಮುಚ್ಚಿರುತ್ತಿತ್ತು, ಉಳಿದ ದಿನವೂ ಬೆಳಗಿನ ಕೆಲವೇ ಗಂಟೆ ತೆರೆದಿರುತ್ತಿತ್ತು. ಆದ್ದರಿಂದ ವಿಮಾನದ ಟಿಕೆಟ್ಟನ್ನು ಮಠ ತೆರೆದಿರುವ ದಿನಗಳ ಲೆಕ್ಕ ಹಿಡಿದೇ ಮಾಡಿಸಿ. ಮಧ್ಯಾಹ್ನದ ಊಟಕ್ಕೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಒಂದು ಗಂಟೆಯ ಸುಮಾರಿಗೆ ಬೆಟ್ಟದ ದಾರಿ.

ನವೆಂಬರಿನ ಬಿಸಿಲು ಸುಡುವುದಿಲ್ಲ, ಐದಕ್ಕೆಲ್ಲ ಸೂರ್ಯ ಮುಳುಗುತ್ತದೆ. ರಾತ್ರಿಯ ನೂಕುನುಗ್ಗಲಿಲ್ಲ. ಮೊಣಕಾಲು ನೋವಿನವರಿಗೆ ಒಂಟೆ, ಆಗ ತಲಾ 20 ಡಾಲರ್ ಆಚೀಚೆ ಇತ್ತು. ಒಂಟೆ ನಡೆಸುವ ಜಬಲಿಯಾ ಬೆದೂಯಿನ್ ಬುಡಕಟ್ಟಿನವರೊಡನೆ ದರ ಕುದುರಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಎದುರು ಸಿಕ್ಕಾಗ ಕೇಳಿ. ನಮ್ಮ ಹುಡುಗರು ಮಾತ್ರ ಮಠದ ಹಿಂದಿನ 3,750 ಕಲ್ಲುಮೆಟ್ಟಿಲ ದಾರಿಯನ್ನೇ ಹಿಡಿದರು. ಹತ್ತಲು ಬಿಟ್ಟೆ, ಕತ್ತಲಲ್ಲಿ ಅದರಿಂದ ಇಳಿಯಲು ಬಿಡಲಿಲ್ಲ.

ನನ್ನ ಇಡೀ ಯೋಜನೆ ನಿಂತಿದ್ದು ಪ್ರವಾದಿ ಎಲೀಯನ ಹೆಸರಿನ ತಗ್ಗಿನ ಮೇಲೆ. ಒಂಟೆ ದಾರಿ ಮುಗಿದು ಆ 750 ಮೆಟ್ಟಿಲು ಶುರುವಾಗುವಲ್ಲಿ, ಬಂಡೆಗಳ ನಡುವೆ ಒಂದು ಸಮತಟ್ಟು ಜಾಗ. ಹಳೆಯ ಸೈಪ್ರೆಸ್ ಮರ, ಒಂದು ಪುಟ್ಟ ಪ್ರಾರ್ಥನಾ ಮಂದಿರ. ಮೋಶೆಯ ಜೊತೆ ಬಂದ ಎಪ್ಪತ್ತು ಹಿರಿಯರು ಕಾದು ನಿಂತದ್ದು ಇಲ್ಲೇ ಎಂಬ ಪರಂಪರೆಯಿದೆ. ಪ್ಯಾಕೇಜಿನವರು ಇದನ್ನು ಸುಸ್ತಾದವರು ಕೂರುವ ಜಾಗವೆಂದು ದಾಟಿಹೋಗುತ್ತಾರೆ. ನಾನು ಆರಾಧನೆಯನ್ನೇ ಇಲ್ಲಿಟ್ಟೆ. ವಿಮೋಚನಕಾಂಡ 24, ಆಮೇಲೆ ಎಲೀಯನು ಈ ಬೆಟ್ಟಕ್ಕೆ ಬಂದ ಕಥೆಯಿರುವ ಒಂದನೆಯ ಅರಸುಗಳು 19 ಓದಿದೆವು. ಸ್ತ್ರೀ ಸಂಘದ ಹಿರಿಯರೊಬ್ಬರು, “ತಮ್ಮಾ, ನಾವು ಹಿರೇರು ಇಲ್ಲೇ ಕುಂದ್ರತೇವಿ, ನೀವು ಮ್ಯಾಲ ಹೋಗಿ ಬರ್ರಿ” ಅಂದರು. ಆ ಮಾತಿನಲ್ಲಿ ಸೋತ ಭಾವ ಒಂದಿಷ್ಟೂ ಇರಲಿಲ್ಲ. 2,285 ಮೀಟರಿನ ತುದಿ ಮುಟ್ಟಿದವರು ಹದಿನೈದು ಜನ ಇರಬಹುದು. ಆರಾಧನೆ ತಪ್ಪಿದವರು ಒಬ್ಬರೂ ಇಲ್ಲ. ರಾತ್ರಿ ಎಂಟರೊಳಗೆ ಎಲ್ಲರೂ ಕೆಳಗಿದ್ದೆವು.

ನಡುವೆ ಒಂದು ಪ್ರಯೋಗ ಮಾಡಿದೆ. ಸ್ಟೀಲ್ ಬಾಟಲಿಗೆ ಒದ್ದೆ ಪಂಚೆ ತುಂಡು ಸುತ್ತಿ ನೆರಳಲ್ಲಿ ಗಾಳಿಗೆ ತೂಗುಹಾಕಿದರೆ ಅರ್ಧ ಗಂಟೆಯಲ್ಲಿ ನೀರು ತಣ್ಣಗಾಗುತ್ತದೆ. ಗಾಳಿ ಅಷ್ಟು ಒಣ. ಬೆವರೂ ಹಾಗೇ ಕಾಣದಂತೆ ಆರಿಹೋಗುತ್ತದೆ, ಹಿರಿಯರಿಗೆ ದಾಹವೇ ಗೊತ್ತಾಗುವುದಿಲ್ಲ. ಅದಕ್ಕೆ ಗಂಟೆಗೊಮ್ಮೆ ಉಪ್ಪು-ಸಕ್ಕರೆ ನೀರು ಕಡ್ಡಾಯ ಮಾಡಿದ್ದೆ.

ಪೆಟ್ಟು ಬಿದ್ದದ್ದು ಈಜಿಪ್ಟಿನ ನುವೇಬಾ ಬಂದರಿನಲ್ಲಿ. ಜೋರ್ಡಾನಿನ ಅಕಾಬಾಕ್ಕೆ ಹೋಗುವ ಹಡಗು ಹೇಳಿದ ಹೊತ್ತಿಗೆ ಹೊರಡಲಿಲ್ಲ. ಅರ್ಧ ರಾತ್ರಿ ಬಂದರಿನಲ್ಲೇ ಕಳೆಯಿತು, ಬಂಡೆಯಲ್ಲಿ ಕೆತ್ತಿದ ಹಳೆಯ ಪಟ್ಟಣ ಪೆಟ್ರಾದ ಪಕ್ಕದ ವಾದಿ ಮೂಸಾದಲ್ಲಿ ಮುಂಗಡ ಕೊಟ್ಟಿದ್ದ ಒಂದು ರಾತ್ರಿಯ ಹೋಟೆಲ್ ದುಡ್ಡು ಮುಳುಗಿತು, ಹೆಚ್ಚುಕಡಿಮೆ ಎಪ್ಪತ್ತು ಸಾವಿರ. ಪ್ರವಾಸಿಗರಿಗೆ ಸಿಗುವ ಜೋರ್ಡಾನ್ ಪಾಸ್ ಅದನ್ನು ಸ್ವಲ್ಪ ತುಂಬಿಕೊಟ್ಟಿತು: 70 ದಿನಾರಿಗೆ ಪೆಟ್ರಾ ಪ್ರವೇಶ ಸೇರಿತ್ತು, ಮೂರು ರಾತ್ರಿ ಉಳಿದದ್ದರಿಂದ ವೀಸಾ ಶುಲ್ಕವೂ ಮಾಫಿ. ಪೆಟ್ರಾ ಟಿಕೆಟ್ ಒಂದಕ್ಕೇ ಆಗ 50 ದಿನಾರ್ ಇತ್ತು. ಮದಬಾದ ಮೊಸಾಯಿಕ್ ನಕ್ಷೆಗೂ ಮೋಶೆ ವಾಗ್ದತ್ತ ದೇಶವನ್ನು ದೂರದಿಂದ ಕಂಡ ನೆಬೋ ಬೆಟ್ಟಕ್ಕೂ ಆ ಪಾಸ್ ನಡೆಯಲಿಲ್ಲ, ಬೇರೆ ಚಿಲ್ಲರೆ ಇಟ್ಟುಕೊಳ್ಳಿ.

ಯೊರ್ದನ್ ನದಿ ದಾಟದೆ ನೆಬೋದಲ್ಲೇ ಯಾತ್ರೆ ಮುಗಿಸಿದ್ದಕ್ಕೆ ಕೆಲವರ ಅಸಮಾಧಾನ ಇತ್ತು. ಯೆರೂಸಲೇಮ್ ಸೇರಿಸಿದ್ದರೆ ತಲಾ ಮೂವತ್ತು ಸಾವಿರವಾದರೂ ಏರುತ್ತಿತ್ತು, ನಿವೃತ್ತ ಶಿಕ್ಷಕರು ಅರ್ಧದಷ್ಟು ಮಂದಿ ಬರುತ್ತಲೇ ಇರಲಿಲ್ಲ. ಹೋಟೆಲ್ ದುಡ್ಡು ಹೋದ ಮೇಲೂ ತಲಾ ಖರ್ಚು ತೊಂಬತ್ತು ಸಾವಿರದ ಒಳಗೇ ನಿಂತಿತು. ಲೆಕ್ಕದ ಹಾಳೆಯನ್ನು ಸಭೆಯ ಪಾದ್ರಿ ಅಯ್ಯನವರ ಕೈಗೆ ಕೊಟ್ಟಿದ್ದೇನೆ.